ಒಂದು ತೊಟ್ಟು ರಕ್ತದಲ್ಲಿ ಕ್ಯಾನ್ಸರ್ ಗೊತ್ತಾಗುತ್ತದಾ?



ಸಂಘದ ಸಭೆಗಳಲ್ಲಿ ಈಗೀಗ ಒಂದು ಪ್ರಶ್ನೆ ಬರುತ್ತಿದೆ. "ರಕ್ತ ಕೊಟ್ರೆ ಸಾಕು, ಕ್ಯಾನ್ಸರ್ ಇದ್ಯೋ ಇಲ್ವೋ ಹೇಳ್ತಾರಂತೆ. ಸಂಘದಿಂದ ಸಾಲ ತೆಗೆದು ಮಾಡಿಸೋದಾ?" ಸಾಲದ ಅರ್ಜಿ ಬರೆಯುವ ಮುಂಚೆ ಇದನ್ನು ಓದಿ.

ಅಂಡಾಶಯದ ಕ್ಯಾನ್ಸರಿಗೆ ಸಿಎ-125 ಎಂಬ ರಕ್ತ ಪರೀಕ್ಷೆ ಇದೆ. ರಕ್ತದಲ್ಲಿರುವ ಒಂದು ಪ್ರೋಟೀನನ್ನು ಅದು ಅಳೆಯುತ್ತದೆ. ತೊಂದರೆ ಏನೆಂದರೆ, ಮುಟ್ಟಾದಾಗ, ಬಸುರಿಯಾದಾಗ, ಗರ್ಭಕೋಶದಲ್ಲಿ ಸಾದಾ ಗಡ್ಡೆ ಇದ್ದಾಗ, ಹೊಟ್ಟೆಯ ಕ್ಷಯ ಇದ್ದಾಗಲೂ ಅದು ಏರಬಹುದು. ಕ್ಯಾನ್ಸರ್ ಈಗಷ್ಟೇ ಶುರುವಾದವರಲ್ಲಿ ಸುಮಾರು ಅರ್ಧ ಜನಕ್ಕೆ ಏರುವುದೇ ಇಲ್ಲ. ಬ್ರಿಟನ್ನಿನಲ್ಲಿ 2001ರಿಂದ 2005ರವರೆಗೆ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು, ಒಂದು ಗುಂಪಿಗೆ ವರ್ಷ ವರ್ಷವೂ ಈ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. ಆ ಗುಂಪಿನಲ್ಲಿ ಬೇಗ ಪತ್ತೆಯಾದವರು ಹೆಚ್ಚು, ಆದರೆ ಸಾವು ಕಡಿಮೆಯಾಗಲಿಲ್ಲ. ಕೇಳಲು ಕಹಿ, ಆದರೂ ನಿಜ.

ಈಗಿನ ಹೊಸ ಪರೀಕ್ಷೆಗಳು ಬೇರೆ ರೀತಿ. ಸಾಯುವ ಜೀವಕೋಶಗಳು ತಮ್ಮ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಕ್ಯಾನ್ಸರ್ ಕೋಶದ ಚೂರಿಗೆ ಬೇರೆ ಗುರುತು ಇರುತ್ತದೆ, ಅದನ್ನು ಹುಡುಕುತ್ತಾರೆ. ಗಡ್ಡೆ ಸಣ್ಣದಿರುವಾಗ ಚೂರುಗಳೂ ಕಡಿಮೆ. ಅಮೆರಿಕದ ಇಂಥ ಒಂದು ಪರೀಕ್ಷೆ, ಮೊದಲ ಹಂತದ ಕ್ಯಾನ್ಸರ್ ಇದ್ದ 100 ಜನರಲ್ಲಿ ಸುಮಾರು 17 ಮಂದಿಯನ್ನಷ್ಟೇ ಗುರುತಿಸಿತು ಎಂದು 2021ರಲ್ಲಿ ವರದಿಯಾಯಿತು. ಉಳಿದವರ ಕೈಗೆ "ಏನೂ ಇಲ್ಲ" ಅಂತ ಚೀಟಿ ಸಿಕ್ಕರೆ? ಮೊಲೆಯಲ್ಲಿ ಗಂಟು ಕಂಡರೂ ಸುಮ್ಮನೆ ಕೂತುಬಿಡ್ತಾರೆ. ನಮಗೆ ಹೆದರಿಕೆ ಇರೋದು ಅಲ್ಲೇ.

ಮುಂಬಯಿಯ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ಸುಮಾರು 1,50,000 ಮಹಿಳೆಯರ ನಡುವೆ ಇನ್ನೊಂದು ಅಧ್ಯಯನ ಮಾಡಿದರು. ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟರು. ಅವರು ಗರ್ಭಕೋಶದ ಬಾಯಿಗೆ ವಿನೆಗರಿನಂಥ ಹುಳಿ ದ್ರಾವಣ ಹಚ್ಚಿ, ಬಿಳಿ ಕಲೆ ಬರುತ್ತದೋ ಎಂದು ಕಣ್ಣಿನಿಂದ ನೋಡಿದರು. ಅಷ್ಟೇ! ತಪಾಸಣೆ ಪಡೆದ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತು. ವಿನೆಗರ್ ನಮ್ಮ ಅಡುಗೆಮನೆಯಲ್ಲೇ ಇದೆಯಲ್ಲ, ಆದರೆ ಇದನ್ನು ಮನೆಯಲ್ಲಿ ಮಾಡಿಕೊಳ್ಳಬೇಡಿ.

30 ವರ್ಷ ದಾಟಿದವರಿಗೆ ಬಾಯಿ, ಮೊಲೆ, ಗರ್ಭಕೋಶದ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಉಚಿತ. ಯಾವ ದಿನ, ಎಲ್ಲಿ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ, ಸಂಘದ ಎಲ್ಲರೂ ಒಟ್ಟಿಗೆ ಹೋಗಿ. ಒಬ್ಬಳೇ ಹೋಗಲು ನಾಚಿಕೆಪಡುವವರು ಬಹಳ. ಎಲೆಅಡಿಕೆ, ಹೊಗೆಸೊಪ್ಪು ಹಾಕುವ ಅತ್ತೆಯರನ್ನೂ ಕರೆದುಕೊಂಡು ಹೋಗಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಬಾಯಿಹುಣ್ಣು ಮೂರು ವಾರವಾದರೂ ಮಾಗದಿದ್ದರೆ ಆ ದಿನಕ್ಕಾಗಿ ಕಾಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.