ಹವೀಜದ ಹೊಲಕ್ಕೆ ಯೂರಿಯಾ ಎಷ್ಟು ಬೇಕು?

ಧಾರವಾಡ, ಗದಗ ಸೀಮೆಯಲ್ಲಿ ಹವೀಜ ಎಂದರೆ ಕೊತ್ತಂಬರಿ ಕಾಳು. ಎರೆಹೊಲದಲ್ಲಿ ಹಿಂಗಾರಿ ಕಡಲೆ, ಜೋಳದ ಜೊತೆಗೂ ಇದನ್ನು ಬಿತ್ತುತ್ತಾರೆ. ಕಾಳನ್ನು ಹಗುರಾಗಿ ತಿಕ್ಕಿ ಎರಡು ಹೋಳು ಮಾಡಿದರೆ ಹೋಳಿಗೊಂದು ಸಸಿ. ಸೊಪ್ಪಿಗೂ ಇದೇ ಗಿಡ, ಕಾಳಿಗೂ ಇದೇ ಗಿಡ. ಗೊಬ್ಬರದ ಲೆಕ್ಕ ಮಾತ್ರ ಬೇರೆ ಬೇರೆ.

ಸೊಪ್ಪು ಮಾರುವವರಿಗೆ ಎಲೆ ಸೊಂಪಾಗಿ ಬಂದರೆ ಸಾಕು. ಕಾಳು ಬೆಳೆಯುವವರಿಗೆ ರೆಂಬೆ ಒಡೆಯಬೇಕು, ರೆಂಬೆಯ ತುದಿಗೆ ಹೂಗೊಂಚಲು ಕಟ್ಟಬೇಕು, ಗೊಂಚಲಲ್ಲಿ ಕಾಳು ತುಂಬಬೇಕು. ಇದಕ್ಕೆಲ್ಲ ಸಾರಜನಕ ಬೇಕೇ ಬೇಕು. ಕೊರತೆಯಾದರೆ ಕೆಳಗಿನ ಎಲೆ ಹಳದಿಯಾಗಿ ಗಿಡ ಗಿಡ್ಡಗಾಗುತ್ತದೆ, ಗೊಂಚಲು ಕಡಿಮೆಯಾಗುತ್ತವೆ. ಆದರೆ ಹದ ಮೀರಿದರೆ ಗಿಡ ಎಲೆ ಬಿಡುವುದರಲ್ಲೇ ಕಾಲ ಕಳೆದು, ಹೂವು ತಡವಾಗುತ್ತದೆ. ಮೆತ್ತಗಾದ ಕಾಂಡ ಗಾಳಿಗೆ ಮಲಗುತ್ತದೆ. ಎಳೆಯ ಚಿಗುರಿಗೆ ಹೇನು, ದಟ್ಟ ಎಲೆಗೆ ಬೂದಿ ರೋಗ ಬರುತ್ತವೆ. ತಡವಾದ ಹೂವು ಕಾಳಾಗುವ ಹೊತ್ತಿಗೆ ನೆಲದ ಹಸಿ ಆರಿ, ಬಿಸಿಲು ಏರಿರುತ್ತದೆ, ಕಾಳು ಜೊಳ್ಳಾಗುತ್ತದೆ.

ನೀರಾವರಿ ಬೆಳೆಗೆ ಹೆಕ್ಟೇರಿಗೆ ಸುಮಾರು 60 ಕಿಲೊ ಸಾರಜನಕ ಸಾಮಾನ್ಯ ಅಳತೆ. ಅಂದರೆ ಎಕರೆಗೆ 24 ಕಿಲೊ. 45 ಕಿಲೊದ ಒಂದು ಚೀಲ ಯೂರಿಯಾದಲ್ಲಿ ಸಾರಜನಕ ಶೇ 46ರಂತೆ 20.7 ಕಿಲೊ ಇರುತ್ತದೆ. ಬಿತ್ತುವಾಗ 50 ಕಿಲೊ ಡಿಎಪಿ ಹಾಕಿದ್ದರೆ ಅದರಲ್ಲೇ 9 ಕಿಲೊ ಬಂದಿರುತ್ತದೆ. ಅದನ್ನು ಕಳೆದೇ ಯೂರಿಯಾ ಲೆಕ್ಕ ಹಾಕಬೇಕು. ಅರ್ಧ ಬಿತ್ತನೆಗೆ, ಉಳಿದರ್ಧ ಹೂವಿಗೆ ಮೊದಲು ನೀರಿನೊಂದಿಗೆ.

ಮಳೆಯಾಶ್ರಿತ ಹೊಲಕ್ಕೆ ಇದರ ಅರ್ಧವೂ ಹೆಚ್ಚೆನಿಸಬಹುದು. ಅಲ್ಲಿ ಮೇಲುಗೊಬ್ಬರ ಚೆಲ್ಲಿ ಫಲವಿಲ್ಲ. ಒಣಗಿದ ಮೇಲ್ಮಣ್ಣಿನಲ್ಲಿ ಅದು ಬೇರಿಗೆ ಎಟುಕುವುದಿಲ್ಲ. ಕ್ಷಾರ ಹೆಚ್ಚಿರುವ ಎರೆಮಣ್ಣಿನ ಮೇಲೆ ಬಿದ್ದ ಯೂರಿಯಾ ಅಮೋನಿಯಾ ಆಗಿ ಗಾಳಿಗೂ ಹೋಗುತ್ತದೆ. ಬಿತ್ತುವಾಗಲೇ ಬೀಜದ ಪಕ್ಕ, ತುಸು ಆಳಕ್ಕೆ, ಹಸಿ ಇರುವಲ್ಲಿ ಬೀಳಬೇಕು. ಮುಂಗಾರಿನಲ್ಲಿ ಅದೇ ಹೊಲದಲ್ಲಿ ಹೆಸರು ಬೆಳೆದಿದ್ದರೆ ಅದರ ಬೇರು, ಉದುರಿದ ಎಲೆ ಒಂದಿಷ್ಟು ಸಾರಜನಕ ಬಿಟ್ಟುಹೋಗಿರುತ್ತವೆ. ಮಣ್ಣು ಪರೀಕ್ಷೆ ಮಾಡಿಸಿದರೆ ಚೀಲ ತರುವ ಮೊದಲೇ ಅಗತ್ಯ ತಿಳಿಯುತ್ತದೆ.

ಈ ಹಿಂಗಾರಿಯಲ್ಲಿ ನಾಲ್ಕು ಸಾಲಿಗೆ ಗೊಬ್ಬರ ಕಡಿಮೆ ಹಾಕಿ, ಗುರುತಿಗೆ ಕೋಲು ನೆಡಿ. ಅದರ ಪಕ್ಕದ ನಾಲ್ಕು ಸಾಲನ್ನು ಎಂದಿನಂತೆ ಬೆಳೆಸಿ. ಎರಡನ್ನೂ ಕಣದಲ್ಲಿ ಬೇರೆ ಬೇರೆ ತೂರಿ, ಜೊಳ್ಳು ಹಾರಿದ ಮೇಲೆ ತೂಕ ಮಾಡಿ. ನಿಮ್ಮ ಹೊಲಕ್ಕೆ ಎಷ್ಟು ಸಾಕೆಂಬುದನ್ನು ಆ ತಕ್ಕಡಿ ಹೇಳುತ್ತದೆ.