ಕಾಗದದ ತೋಟಾಕ್ಕೆ ಕೊಬ್ಬೇಕೆ?

1857ರ ಬಂಡಾಯದ ಪಾಠವನ್ನು ಓದಿದ ವಿದ್ಯಾರ್ಥಿಗಳೆಲ್ಲರೂ ಕೊಬ್ಬು ಸವರಿದ ತೋಟಾಗಳ ವಿಷಯವನ್ನು ಬಲ್ಲರು. ಆದರೆ ತೋಟಾಕ್ಕೆ ಕೊಬ್ಬನ್ನು ಏಕಾದರೂ ಸವರಬೇಕಾಗಿತ್ತು ಎಂದು ಪ್ರಶ್ನಿಸುವವರು ವಿರಳ. ಇದಕ್ಕೆ ಉತ್ತರವನ್ನು ರಸಾಯನಶಾಸ್ತ್ರದಲ್ಲಿ ಅರಸಬೇಕು.

ಪೆಟ್ಲುಪ್ಪು, ಇದ್ದಲು, ಗಂಧಕ ಇವುಗಳ ಮಿಶ್ರಣವೇ ಕರಿಮದ್ದು. ಅದು ಉರಿದಾಗ ಎಲ್ಲವೂ ಅನಿಲವಾಗಿ ಹಾರಿಹೋಗುವುದೆಂದು ಭಾವಿಸಬಾರದು. ಇಂಗ್ಲೆಂಡಿನಲ್ಲಿ ನೋಬಲ್ ಮತ್ತು ಏಬೆಲ್ ಎಂಬವರು 1870ರ ದಶಕದಲ್ಲಿ ಮದ್ದನ್ನು ಭದ್ರವಾದ ಉಕ್ಕಿನ ಪಾತ್ರೆಯೊಳಗೆ ಸುಟ್ಟು ಪರೀಕ್ಷಿಸಿದರು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನವಸ್ತುವಾಗಿಯೇ ಉಳಿಯಿತು. ಅದರಲ್ಲಿ ಮುಖ್ಯವಾದವು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ ಸಲ್ಫೇಟ್. ಗುಂಡು ಹಾರಿದಾಗ ಇದರ ಒಂದು ಪಾಲು ದಟ್ಟವಾದ ಬಿಳಿಯ ಹೊಗೆಯಾಗಿ ಹೊರಬೀಳುತ್ತದೆ. ಮಿಕ್ಕದ್ದು ಕಿಟ್ಟವಾಗಿ ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಒಣಹವೆಯಲ್ಲಿ ಈ ಕಿಟ್ಟವು ಕಲ್ಲಿನಂತೆ ಬಿರುಸಾಗುವುದು. ಎಣ್ಣೆ ಸವರದ ಕಾವಲಿಯಿಂದ ದೋಸೆಯನ್ನು ಎಬ್ಬಿಸಲು ಹೆಣಗಿದವರಿಗೆ ಕೊಬ್ಬಿನ ಕೆಲಸವೇನೆಂದು ಬೇರೆ ಹೇಳಬೇಕಾಗಿಲ್ಲ. ಅದು ಕಿಟ್ಟವನ್ನು ಮೃದುವಾಗಿಡುತ್ತದೆ. ಮುಂದಿನ ಗುಂಡು ಅದನ್ನು ಒರೆಸಿಕೊಂಡು ಹೋಗುತ್ತದೆ.

ಅಮೆರಿಕದ ಅಂತರ್ಯುದ್ಧದಲ್ಲಿ, ಎಂದರೆ 1861ರಿಂದ 1865ರ ವರೆಗೆ, ಬಳಕೆಯಲ್ಲಿದ್ದ ಕೋಲ್ಟ್ ರಿವಾಲ್ವರುಗಳಿಗೆ ಈ ಕಿಟ್ಟದ ಕಾಟ ಇನ್ನೂ ಹೆಚ್ಚು. ಆರು ಗೂಡುಗಳ ಉರುಳೆಯು ಒಂದು ಅಚ್ಚಿನ ಮೇಲೆ ತಿರುಗಬೇಕು. ಅಚ್ಚಿಗೆ ಮಸಿ ಹಿಡಿದರೆ ಉರುಳೆಯೇ ನಿಂತುಬಿಡುತ್ತದೆ. ಆದುದರಿಂದ ಅಚ್ಚಿಗೂ ಗುಂಡಿಗೂ ಜಿಡ್ಡು ಬೇಕು. ಆದರೆ ಆ ಜಿಡ್ಡು ಮದ್ದಿಗೆ ಇಳಿಯಕೂಡದು, ಇಳಿದರೆ ಮದ್ದು ಕೆಡುತ್ತದೆ. ಬರಿಯ ಕೊಬ್ಬು ಬಿಸಿಲಿಗೆ ಕರಗಿ ಹರಿಯುವುದು. ಜೇನುಮೇಣ ಬೆರೆತರೆ ನಿಲ್ಲುವುದು. ಇವುಗಳ ತೋಟಾದಲ್ಲಿ ಕಾಗದವನ್ನು ಹರಿಯುವ ಪ್ರಮೇಯವೇ ಇರಲಿಲ್ಲ. ಪೆಟ್ಲುಪ್ಪಿನ ಸಂಸ್ಕಾರ ಪಡೆದ ತೆಳುಗಾಗದವು ತನ್ನ ಆಮ್ಲಜನಕವನ್ನು ತಾನೇ ಹೊತ್ತಿದ್ದು, ಮದ್ದಿನೊಡನೆ ಉರಿದುಹೋಗಬೇಕಾಗಿತ್ತು. ಉರಿಯದ ಚೂರೊಂದು ಗೂಡಿನಲ್ಲಿ ಕೆಂಡವಾಗಿ ಉಳಿದರೆ, ಮುಂದಿನ ತೋಟಾವನ್ನು ಒತ್ತುವವನ ಕೈಯಲ್ಲೇ ಅದು ಸಿಡಿಯಬಹುದು. ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಇದಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ.

ಭಾರತದ ಸಿಪಾಯಿಗೆ ಬಂದ ಎನ್‌ಫೀಲ್ಡ್ ಬಂದೂಕಿನ ತೋಟಾ ಬೇರೆ ಬಗೆಯದು. ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಜಿಡ್ಡು ಸವರಿದ ಕಾಗದದೊಡನೆಯೇ ಗುಂಡನ್ನು ಒಳಕ್ಕೆ ತಳ್ಳಬೇಕಾಗಿತ್ತು. ಕಿಟ್ಟವನ್ನು ಮೆತ್ತಗಾಗಿಸಲು ಪ್ರಾಣಿಯ ಕೊಬ್ಬೇ ಆಗಬೇಕೆಂಬ ನಿರ್ಬಂಧವೇನೂ ಇಲ್ಲ. 1857ರ ಜನವರಿಯಲ್ಲಿಯೇ ಸರ್ಕಾರವು ಸಿಪಾಯಿಗಳು ತಮಗೆ ಒಪ್ಪಿದ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದಿತು. ಬಳಿಕ ಕಚ್ಚುವ ಬದಲು ಕೈಯಿಂದ ಹರಿಯುವ ಕ್ರಮವೂ ಬಂದಿತು. ಅಷ್ಟರಲ್ಲಿ ಸಂಶಯವು ಕೊಬ್ಬನ್ನು ದಾಟಿ, ಹೊಳಪುಳ್ಳ ಹೊಸ ಕಾಗದದ ಮೇಲೆಯೇ ಬಿದ್ದಿತ್ತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರ ಮುಂದೆ ತೋಟಾಗಳನ್ನಿಟ್ಟರು. ಅವು ಹಳೆಯ ಬಗೆಯವೇ ಆಗಿದ್ದರೂ 85 ಮಂದಿ ಮುಟ್ಟಲೊಪ್ಪಲಿಲ್ಲ. ಅವರಿಗೆ ಬೇಡಿ ತೊಡಿಸಿದ ಮರುದಿನ, ಮೇ 10ರಂದು, ದಂಗೆಯೆದ್ದಿತು.