ಬಿಸಿನೀರಿಲ್ಲದ ಬಯಲಲ್ಲಿ ಬಿಡಾರ

ಏಪ್ರಿಲ್ ತಿಂಗಳಲ್ಲಿ ಹೊತ್ತು ಮುಳುಗಿ ಎರಡು ತಾಸಾದ ಮೇಲೂ ಹಂಪಿಯ ಬಂಡೆಗೆ ಅಂಗೈ ಇಟ್ಟರೆ, ರೊಟ್ಟಿ ಬೇಯಿಸಿ ಮುಗಿಸಿ ಇಳಿಸಿಟ್ಟ ಹಂಚಿನ ಕಾವು. ಬಿಸಿನೀರಿನ ಬುಗ್ಗೆ ಹುಡುಕಿಕೊಂಡು ಯಾರಾದರೂ ಇಲ್ಲಿಗೆ ಬಂದರೆ ಅವರಿಗೆ ಸಿಗುವುದು ಇಷ್ಟೇ: ಬಿಸಿ ಇದೆ, ಅದು ನೀರಲ್ಲಿಲ್ಲ, ಕಲ್ಲಲ್ಲಿದೆ.

ಅಮೆರಿಕದ ಎತ್ತರದ ಮರುಭೂಮಿಯಲ್ಲಿ ಮನೆಯಂಥ ವಾಹನ ನಿಲ್ಲಿಸಿ ಪಕ್ಕದ ಬಿಸಿ ಕೊಳದಲ್ಲಿ ಕತ್ತಿನವರೆಗೆ ಮುಳುಗಿ ಕೂರುವುದು ಹಳೆಯ ಚಟ. ನಮ್ಮಲ್ಲಿ ಆ ಸುಖಕ್ಕೆ ಲಡಾಖ್‌ಗೆ ಹೋಗಬೇಕು. ಅಲ್ಲಿನ ಪುಗಾ ಕಣಿವೆಯಲ್ಲಿ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿ ನೀರು ಕುದಿಯುತ್ತ ಮೇಲೇಳುತ್ತದೆ. ಕರ್ನಾಟಕದಲ್ಲಿ ಹೆಸರಿಗೆ ಇರುವುದು ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ. ಹಿಮಾಲಯದ ನೆಲ ಇನ್ನೂ ಎಳೆಯದು, ಒತ್ತಡಕ್ಕೆ ಬಿರಿಯುತ್ತಿರುವಂಥದು. ಆಳಕ್ಕಿಳಿದ ಮಳೆನೀರು ಕಾದು ಆ ಬಿರುಕುಗಳಿಂದ ಮೇಲೆ ಬರುತ್ತದೆ. ಹಂಪಿಯದು ಹಾಗಲ್ಲ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷದ ಕಲ್ಲು ಅದು. ಯಾವಾಗಲೋ ಆರಿ ತಣ್ಣಗಾದ ನೆಲ.

ಆದರೆ ಬಯಲಲ್ಲಿ ಬಿಡಾರ ಹೂಡುವ ವಿದ್ಯೆ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡೆತ್ತಿ ಹೋದಾಗಿನ ಪಾಳೆಯವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ವರ್ಣಿಸಿದ್ದಾನೆ. ರಾಯರ ಗುಡಾರದ ಸುತ್ತ ಮುಳ್ಳುಬೇಲಿ, ಒಳಹೋಗಲು ಒಂದೇ ಬಾಗಿಲು. ಉಳಿದ ಪಾಳೆಯದಲ್ಲಿ ನೇರ ಬೀದಿಗಳು, ಪೇಟೆ, ಆ ಪೇಟೆಯಲ್ಲಿ ಕೂತು ಕೆಲಸ ಮಾಡುವ ಅಕ್ಕಸಾಲಿಗರು. ವೈಭೋಗದ ಗುಡಾರವಾಸಕ್ಕೆ ‘ಗ್ಲ್ಯಾಂಪಿಂಗ್’ ಎಂಬ ಹೆಸರು ಹುಟ್ಟುವುದಕ್ಕೆ ಐದು ಶತಮಾನ ಮೊದಲಿನ ಮಾತು. ನೂನಿಜ್ ಕೊಡುವ ಇನ್ನೊಂದು ವಿವರ ಇವೆಲ್ಲಕ್ಕಿಂತ ಮುಖ್ಯ: ಯಾರೂ ಬಾಯಾರಿ ಸಾಯಬಾರದೆಂದು ದಾರಿಯುದ್ದಕ್ಕೂ ನೀರು ಹೊರುವ ಹತ್ತು-ಹನ್ನೆರಡು ಸಾವಿರ ಮಂದಿಯನ್ನು ನಿಲ್ಲಿಸಿದ್ದರಂತೆ. ಲೆಕ್ಕ ಹೆಚ್ಚುಕಡಿಮೆ ಇರಬಹುದು. ಈ ಸೀಮೆಯಲ್ಲಿ ಬಿಡಾರ ಬಿಡುವವನು ಮೊದಲು ಯಾವುದನ್ನು ಯೋಚಿಸಬೇಕೆಂದು ಆ ಆಸ್ಥಾನಕ್ಕೆ ಗೊತ್ತಿತ್ತು.

ಗಾಲಿಯ ಮೇಲಿನ ಮನೆಯೂ ಹೊಸದಲ್ಲ. ಭರತ ಹುಣ್ಣಿಮೆಯ ಹೊತ್ತಿಗೆ ಹೂವಿನಹಡಗಲಿಯ ಮೈಲಾರಕ್ಕೆ ಕಾರ್ಣಿಕ ಕೇಳಲು ಹೊರಡುವ ಬಂಡಿಗಳನ್ನು ನೋಡಿದರೆ ಸಾಕು. ಮೇಲೆ ಕಮಾನು, ಕಮಾನಿಗೆ ತಾಡಪಾಲು, ಒಳಗೆ ಮೆತ್ತನೆಯ ಹುಲ್ಲು, ಅದರ ಮೇಲೆ ಕೌದಿ. ಗಂಟಿನಲ್ಲಿ ಕಟಕಲು ರೊಟ್ಟಿ, ಶೇಂಗಾ ಚಟ್ನಿ. ರಾತ್ರಿ ನೊಗ ಇಳಿಸಿದರೆ ಬಂಡಿಯ ಕೆಳಗೆ ಗಂಡಸರು, ಮೇಲೆ ಹೆಂಗಸರು ಮಕ್ಕಳು. ಈಚೆಗೆ ಟ್ರ್ಯಾಕ್ಟರ್ ಟ್ರೇಲರುಗಳೂ ಸೇರಿಕೊಂಡಿವೆ. ಸಂಡೂರಿನ ಗುಡ್ಡಗಳ ನಡುವಿನ ತಾಂಡಾಗಳಲ್ಲಿ ನೆಲೆಸಿರುವ ಲಂಬಾಣಿಗರ ಹಿರೀಕರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಸೈನ್ಯಗಳ ಜೊತೆ ದೇಶ ಸುತ್ತಿದವರು. ಅವರ ಕಸೂತಿಯ ಕನ್ನಡಿ ಚೂರುಗಳು ಆ ಅಲೆದಾಟದ ಗುರುತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲಕಲಾ ಕೇಂದ್ರದ ಹೆಣ್ಣುಮಕ್ಕಳ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಇವತ್ತಿನ ಪ್ರವಾಸಿಗೆ ಬೇಕಾದ ಗುಡಾರ ಬೇರೆ. ಮಂಚ, ಹಾಸಿಗೆ, ಅಂಟಿಕೊಂಡ ಬಚ್ಚಲು, ಸಾಧ್ಯವಾದರೆ ಎಸಿ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಅದು ಸೊಗಸೇ. ಮಾರ್ಚ್ ದಾಟಿದರೆ ಕ್ಯಾನ್ವಾಸಿನೊಳಗೆ ಕೂರುವುದು ತಪಸ್ಸು. ಜಾಗದ ಆಯ್ಕೆಯೂ ಸಲೀಸಲ್ಲ. ಕಮಲಾಪುರದ ಆಚೆ ದರೋಜಿ ಕರಡಿಧಾಮವಿದೆ; ಮಧ್ಯಾಹ್ನ ಬಂಡೆಗಳಿಗೆ ಬಳಿದ ಸಿಹಿ ನೆಕ್ಕಲು ಕರಡಿಗಳು ಇಳಿದು ಬರುವುದನ್ನು ಗೋಪುರದಿಂದ ನೋಡಬಹುದು. ಬೆಲ್ಲದ ವಾಸನೆಗೆ ಅಷ್ಟು ದೂರದಿಂದ ಬರುವ ಪ್ರಾಣಿ, ಗುಡಾರದಲ್ಲಿಟ್ಟ ಬಾಳೆಹಣ್ಣಿಗೆ ಬಾರದೇ? ಹಂಪಿಯ ಪರಂಪರೆಯ ಪ್ರದೇಶದಲ್ಲಂತೂ 2002ರ ಕಾಯ್ದೆಯಡಿ ರಚನೆಯಾದ ಪ್ರಾಧಿಕಾರದ ಒಪ್ಪಿಗೆ ಬೇಕು. 2025ರ ಮಾರ್ಚ್‌ನಲ್ಲಿ ತುಂಗಭದ್ರಾ ಹೊಳೆಯಾಚೆಯ ಸಾಣಾಪುರದಲ್ಲಿ ರಾತ್ರಿ ಕಾಲುವೆಯ ದಂಡೆಯಲ್ಲಿ ಕೂತಿದ್ದವರ ಮೇಲೆ ಭೀಕರ ದಾಳಿ ನಡೆದ ಮೇಲೆ, ನಕ್ಷತ್ರ ನೋಡುತ್ತ ಎಲ್ಲೆಂದರಲ್ಲಿ ಮಲಗುವ ಮಾತನ್ನು ಯಾರೂ ಹಗುರವಾಗಿ ಆಡುತ್ತಿಲ್ಲ.

ಒಣಸೀಮೆ ಎಂದು ನೀರನ್ನು ಮರೆಯುವಂತಿಲ್ಲ. ತುಂಗಭದ್ರಾ ಅಣೆಕಟ್ಟೆಗೆ 33 ಕ್ರೆಸ್ಟ್ ಗೇಟುಗಳು. ಅವು ತೆರೆದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಸೇತುವೆಯ ಮೇಲೆ ನೀರು ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್ ತಂದು ಪಾರುಮಾಡಬೇಕಾಯಿತು. ಮರುವರ್ಷ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ, ಗಡ್ಡೆಯ ರೆಸಾರ್ಟುಗಳೇ ನೆಲಸಮವಾದವು. ಕಟ್ಟಿದವರ ಸಂಕಟ ಸುಳ್ಳಲ್ಲ. ಆದರೂ ಪ್ರವಾಹಕ್ಕೆ ಮುಂಚೆ ಮಡಿಚಿ ಎತ್ತಿಕೊಂಡು ಹೋಗಲಾಗದ್ದನ್ನು ಹೊಳೆಯ ನಡುಗಡ್ಡೆಯಲ್ಲಿ ಎಬ್ಬಿಸಬಾರದಿತ್ತು.

ಆ ಲೆಕ್ಕದಲ್ಲಿ ಕ್ಯಾರವಾನ್ ಜಾಣತನದ ವಾಹನ. ನೀರು ಏರಿತೆಂದರೆ ಕೀಲಿ ತಿರುಗಿಸಿದರಾಯಿತು. ಕೇರಳ 2021ರಲ್ಲೇ ‘ಕೇರವಾನ್’ ಯೋಜನೆ ಶುರುಮಾಡಿತು, ವಾಗಮೋನ್‌ನಲ್ಲಿ ಕ್ಯಾರವಾನ್ ನಿಲ್ಲಿಸಲೆಂದೇ ಜಾಗವಾಯಿತು. ಹೊಸಪೇಟೆಯಲ್ಲಿ ಹೆದ್ದಾರಿ ಇದೆ, ಸಂಡೂರಿನ ಅದಿರು ಲಾರಿಗಳ ಸಾಲೂ ಇದೆ. ಕ್ಯಾಬಿನ್ನಿನಲ್ಲೇ ಮಲಗೆದ್ದು ರಸ್ತೆಬದಿಯಲ್ಲಿ ಸ್ಟೌ ಹಚ್ಚುವ ಆ ಚಾಲಕರಿಗಿಂತ ಪಳಗಿದ ಕ್ಯಾರವಾನ್‌ವಾಸಿಗಳು ಯಾರಿದ್ದಾರೆ? ಪ್ರವಾಸಿಯ ವಾಹನದ ತೊಡಕು ಅದರ ಹೊಟ್ಟೆಯಲ್ಲಿದೆ. ಒಂದು ಟ್ಯಾಂಕಿನಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಪಾತ್ರೆ ತೊಳೆದದ್ದು, ಮತ್ತೊಂದರಲ್ಲಿ ಶೌಚದ್ದು. ತುಂಬಿಸಿಕೊಳ್ಳಲು ನಲ್ಲಿ ಸಿಕ್ಕೀತು. ಖಾಲಿ ಮಾಡಲು ಸರಿಯಾದ ಜಾಗವಿಲ್ಲದಿದ್ದರೆ ಅದು ಕೊನೆಗೆ ಯಾವುದೋ ಹಳ್ಳಕ್ಕೇ ಹೋಗುತ್ತದೆ.

ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಕೊಯ್ಲು ಮುಗಿದ ಮೇಲೆ ಕುರಿ ಹಿಂಡುಗಳು ಬರುತ್ತವೆ. ಕುರಿಗಾಹಿಗಳು ಸುತ್ತ ಬಲೆ ಕಟ್ಟಿ ಹಟ್ಟಿ ಮಾಡುತ್ತಾರೆ. ಮರಿಗಳಿಗೆ ಬುಟ್ಟಿ, ಮನುಷ್ಯರಿಗೆ ಕಂಬಳಿ, ಕಾವಲಿಗೆ ನಾಯಿ. ಈ ಬಿಡಾರ ಬಿಟ್ಟುಹೋಗುವ ಹೊಲಸಿಗೆ ಬೆಲೆಯಿದೆ: ಹೊಲದಲ್ಲಿ ಕುರಿ ತರುಬಿದ್ದಕ್ಕೆ ರೈತನೇ ಕಾಳೋ ಕಾಸೋ ಕೊಡುತ್ತಾನೆ. ಬೆಳಗಾದರೆ ಬಲೆ ಸುತ್ತಿ, ಗೂಟ ಕಿತ್ತು, ಪಕ್ಕದ ಗದ್ದೆಗೆ ಹೊರಡುತ್ತಾರೆ. ಹಿಂದೆ ಉಳಿಯುವುದು ಹಿಕ್ಕೆ ಮತ್ತು ಮೂರು ಒಲೆಗಲ್ಲು.